ಪ್ರಿಪ್ಯಾತ್ ಲೇಖನದಲ್ಲಿ ಧೂಳಿನ ಮಾತೇ ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ಚೆರ್ನೋಬಿಲ್ ಅಣು ದುರಂತದ 40 ವರ್ಷಗಳ ನೆನಪಿಗೆ ತಮ್ಮ ಪುರವಣಿಯಲ್ಲಿ ಬಂದ, ಆ ಸ್ಥಾವರದ ಪಕ್ಕದಲ್ಲಿ ಪಾಳುಬಿದ್ದಿರುವ ಪ್ರಿಪ್ಯಾತ್ ನಗರದ ಬರಹವನ್ನು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ, ಅದರಲ್ಲೂ ಕಾಲೇಜು ಹುಡುಗರು, ಆಸಕ್ತಿಯಿಂದ ಓದಿದ್ದಾರೆ. ಚಿತ್ರಗಳ ಬಗ್ಗೆ ತಕರಾರಿಲ್ಲ. ಆದರೆ ಕೈಯಲ್ಲಿ ವಿಕಿರಣ ಎಣಿಸುವ ಗೈಗರ್ ಮೀಟರ್ ಇದ್ದು, ಅದು ಕಿರುಗುಡದೇ ಇದ್ದರೆ ಪಾಳು ಕಟ್ಟಡದೊಳಗೆ ಧೈರ್ಯವಾಗಿ ಓಡಾಡಬಹುದು ಎಂಬ ಅರ್ಥದ ಮಾತು ಅದರಲ್ಲಿ ಎರಡು ಕಡೆ ಬಂದಿದೆ. ಈ ಮಾತು ತಪ್ಪು. ಮೊಬೈಲಿನಲ್ಲಿ ಬರುವ ನೂರಾರು ವಿಡಿಯೊಗಳೂ ಇದನ್ನೇ ಕಲಿಸುತ್ತಿರುವುದರಿಂದ, ವಿಕಿರಣ ಅಳೆಯುವ ವಿಷಯ ಬಲ್ಲ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಒಲೆಯ ಮುಂದೆ ಕೂತವರಿಗೆ ಶಾಖ ತಾಗುತ್ತದೆ. ಎದ್ದು ದೂರ ಹೋದರೆ ಶಾಖ ಅಲ್ಲಿಗೇ ಮುಗಿಯಿತು, ಮೈಗೆ ಅಂಟಿಕೊಂಡು ಬರುವುದಿಲ್ಲ. ಗಾಮಾ ವಿಕಿರಣ ಹೀಗೆ. ಮೆಣಸಿನಕಾಯಿ ಕುಟ್ಟಿದ ಕೈ ಬೇರೆ. ಪುಡಿ ಉಗುರಿನ ಸಂದಿಯಲ್ಲಿ ಕೂತಿರುತ್ತದೆ. ಮನೆಗೆ ಬಂದು ಕಣ್ಣು ಉಜ್ಜಿಕೊಂಡಾಗಲೇ ಅದು ಗೊತ್ತಾಗುವುದು. ವಿಕಿರಣಶೀಲ ಧೂಳು ಈ ಎರಡನೆಯ ಜಾತಿಯದು. ಚೆರ್ನೋಬಿಲ್ ನಿರ್ಬಂಧಿತ ವಲಯಕ್ಕೆ ಒಂದು ದಿನ ಹೋಗಿ ಬರುವವರಿಗೆ ಹೊರಗಿನ ಶಾಖದಿಂದ, ಅಂದರೆ ಗಾಮಾದಿಂದ, ಆಗುವ ಅಪಾಯ ಅಲ್ಪ: ಮಾರ್ಗದರ್ಶಕರ ಜೊತೆ ನಿಗದಿತ ದಾರಿಯಲ್ಲಿ ಸುತ್ತಿದರೆ ಇಡೀ ದಿನಕ್ಕೆ ಕೆಲವೇ ಮೈಕ್ರೋಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಒಂದೆರಡು ತಾಸಿನ ವಿಮಾನ ಪ್ರಯಾಣದಷ್ಟು. ಅಲ್ಲಿನ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿರುವುದು ಪುಡಿಯ ಸಲುವಾಗಿ. ತಮ್ಮ ಲೇಖನ ಶಾಖವನ್ನು ಮಾತ್ರ ಲೆಕ್ಕ ಹಾಕಿ, ಎಕ್ಸ್‌ರೇಗೆ ಹೋಲಿಸಿ ಮುಗಿಸಿದೆ. ಎಕ್ಸ್‌ರೇ ಯಂತ್ರ ಆರಿಸಿದ ಕ್ಷಣಕ್ಕೆ ನಿಂತುಹೋಗುತ್ತದೆ. ಶ್ವಾಸಕೋಶಕ್ಕೆ ಹೋದ ಕಣಕ್ಕೆ ಆರಿಸುವ ಗುಂಡಿ ಇಲ್ಲ.

ಪುಡಿ ಎಲ್ಲಿಂದ ಬಂತು ಎಂದರೆ, 1986ರ ಏಪ್ರಿಲ್ 26ರ ನಡುರಾತ್ರಿ 1 ಗಂಟೆ 23 ನಿಮಿಷಕ್ಕೆ ನಾಲ್ಕನೇ ರಿಯಾಕ್ಟರ್ ಸಿಡಿದಾಗ ಅನಿಲದ ಜೊತೆ ಇಂಧನವೇ ಚೂರುಚೂರಾಗಿ ಹಾರಿತು. ಅಯೋಡಿನ್-131ರ ಅರ್ಧಾಯು (ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ) 8 ದಿನ, ಅದು ಆ ವರ್ಷವೇ ತೀರಿಹೋಯಿತು. ಸೀಸಿಯಂ-137ಕ್ಕೆ ಸುಮಾರು 30 ವರ್ಷ, ಸ್ಟ್ರಾನ್ಷಿಯಂ-90ಕ್ಕೆ ಸುಮಾರು 29. 40 ವರ್ಷ ಕಳೆದರೂ ಬಿದ್ದ ಸೀಸಿಯಂನಲ್ಲಿ ನೂರಕ್ಕೆ 40 ಪಾಲು ಇನ್ನೂ ಇದೆ ಎಂದಾಯಿತು. ಇನ್ನೊಂದು ವಿಚಿತ್ರವಿದೆ. ಪ್ಲುಟೋನಿಯಂ-241 ಎಂಬುದು 14 ವರ್ಷಕ್ಕೆ ಅರ್ಧವಾಗುತ್ತ ಅಮೆರಿಸಿಯಂ-241 ಆಗಿ ಮಾರ್ಪಡುತ್ತದೆ. ಇದರ ಅರ್ಧಾಯು 432 ವರ್ಷ. ಹಾಗಾಗಿ ವಲಯದಲ್ಲಿ ಉಳಿದೆಲ್ಲ ಇಳಿಯುತ್ತಿರುವಾಗ ಅಮೆರಿಸಿಯಂ ಮಾತ್ರ ಏರುತ್ತಿದೆ. ಅದು ಬಿಡುವುದು ಮುಖ್ಯವಾಗಿ ಆಲ್ಫಾ ಕಣ. ಒಂದು ಹಾಳೆ ಕಾಗದ ಆಲ್ಫಾವನ್ನು ತಡೆಯುತ್ತದೆ. ವಿಡಿಯೊದವರ ಕೈಯಲ್ಲಿರುವ ಮೀಟರಿನ ಲೋಹದ ಕೊಳವೆಯೂ ತಡೆಯುತ್ತದೆ. ಅಂದರೆ ಮೈಯೊಳಗೆ ಹೋದರೆ ಅತಿ ಹೆಚ್ಚು ಕೆಡುಕು ಮಾಡುವ ವಸ್ತುವೇ ಮೀಟರಿಗೆ ಕಾಣದ್ದು.

ಮೀಟರಿನ ವಿಷಯವನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಆನ್‌ಲೈನಿನಲ್ಲಿ ತರಿಸಿಕೊಂಡು ಪ್ರಯೋಗ ಮಾಡುವ ಹುಡುಗರು ನಮ್ಮಲ್ಲೂ ಇದ್ದಾರೆ. ಅಗ್ಗದ ಮೀಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್‌ಬಿಎಂ-20 ಎಂಬ ಸೋವಿಯತ್ ಕಾಲದ ಉಕ್ಕಿನ ಕೊಳವೆ ಅಥವಾ ಅದರ ನಕಲು. ಸುಮಾರು 400 ವೋಲ್ಟಿನಲ್ಲಿ ನಡೆಯುತ್ತದೆ, ಗಾಮಾವನ್ನೂ, ಬೀಟಾ ಎಂಬ ಇನ್ನೊಂದು ಬಗೆಯ ಕಣ ಬಲವಾಗಿದ್ದರೆ ಅದನ್ನೂ ಎಣಿಸುತ್ತದೆ. ಸಾಮಾನ್ಯ ಊರಿನಲ್ಲಿ ನಿಮಿಷಕ್ಕೆ 20ರ ಆಸುಪಾಸು ಎಣಿಕೆ ಬರುತ್ತದೆ. ಈ ಎಣಿಕೆ ಮಳೆಹನಿಯ ಹಾಗೆ ಅಡ್ಡಾದಿಡ್ಡಿ. 20 ಎಣಿಕೆಯಲ್ಲಿ ನಾಲ್ಕೈದರ ಏರುಪೇರು ಸಹಜ, 100 ಎಣಿಕೆಯಲ್ಲಿ 10ರ ಏರುಪೇರು ಸಹಜ. ಹತ್ತು ಸೆಕೆಂಡು ಹಿಡಿದು ‘ಇಲ್ಲಿ ದುಪ್ಪಟ್ಟಾಯಿತು’ ಎಂದು ಕೂಗುವುದಕ್ಕೂ ‘ಇಲ್ಲಿ ಏನೂ ಇಲ್ಲ’ ಎಂದು ಕೂರುವುದಕ್ಕೂ ಬೆಲೆಯಿಲ್ಲ. ಶಂಕೆಯಿರುವ ಕಡೆ ಒಂದು ನಿಮಿಷವಾದರೂ, ಕಡಿಮೆ ಮಟ್ಟದ ಅಳತೆ ಬೇಕಾದರೆ ಐದು ನಿಮಿಷ, ಅಲುಗಿಸದೆ ಹಿಡಿಯಬೇಕು. ಹೊರಡುವ ಮೊದಲು ಉಳಿದುಕೊಂಡ ಜಾಗದ ಹಿನ್ನೆಲೆ ಅಂಕಿಯನ್ನು, ಅಂದರೆ ಅಲ್ಲಿ ಸಹಜವಾಗಿ ಬರುವ ಎಣಿಕೆಯನ್ನು, ಬರೆದಿಟ್ಟುಕೊಳ್ಳಬೇಕು. ಹಿನ್ನೆಲೆ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಕೋಟೆಯ ಬಂಡೆಯ ಮೇಲೂ ಹಿರಿಯೂರು ಕಡೆಯ ಎರೆಹೊಲದಲ್ಲೂ ಒಂದೇ ಅಂಕಿ ಬರಬೇಕೆಂದಿಲ್ಲ. ಕಲ್ಲಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನ ಪಾಲು ಬೇರೆಬೇರೆ.

ಅಂಕಿಯ ಜೊತೆ ದೂರವನ್ನೂ ಹೇಳದಿದ್ದರೆ ಅಂಕಿಗೆ ಅರ್ಥವಿಲ್ಲ. ನೆಲದಿಂದ 1 ಮೀಟರ್ ಎತ್ತರದಲ್ಲಿ ಹಿಡಿದು ಓದಿದ್ದು ಮೈಗೆ ತಾಗುವ ಡೋಸ್ (ವಿಕಿರಣದ ಪ್ರಮಾಣ). ಪಾಚಿಗೆ ತಾಗಿಸಿ ಓದಿದ್ದು ಆ ಪಾಚಿಯ ಮಾಲಿನ್ಯ. ವಿಡಿಯೊದವರು ಪಾಚಿಗೆ ಒತ್ತಿ ಹಿಡಿದು ಗಂಟೆಗೆ 30, 40 ಮೈಕ್ರೋಸೀವರ್ಟ್ ತೋರಿಸಿ ಹೆದರಿಸುತ್ತಾರೆ. ನಾಲ್ಕು ಹೆಜ್ಜೆ ಆಚೆ ಡಾಂಬರಿನ ಮೇಲೆ 1ಕ್ಕಿಂತ ಕಡಿಮೆ ತೋರಿಸಿ ನಿಶ್ಚಿಂತೆ ಹೇಳುತ್ತಾರೆ. ಎರಡೂ ದಾರಿ ತಪ್ಪಿಸುತ್ತವೆ. ಸಾಸಿವೆಗಿಂತ ಸಣ್ಣ ಕಣವೊಂದು 1 ಸೆಂಟಿಮೀಟರಿನಲ್ಲಿ ತೋರಿಸುವ ತೀವ್ರತೆ 1 ಮೀಟರಿಗೆ ಹತ್ತು ಸಾವಿರದಲ್ಲೊಂದು ಪಾಲಾಗುತ್ತದೆ. ಹಾಗಾಗಿ ಸೊಂಟದೆತ್ತರದಲ್ಲಿ ಸುಮ್ಮನಿರುವ ಮೀಟರ್ ಪಾದದ ಕೆಳಗಿನ ಕಣದ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಟೆರ್ರಾ-ಪಿ ಥರದ ಮೀಟರುಗಳ ಹಿಂಬದಿಯಲ್ಲಿ ತೆಗೆದು ಹಾಕುವ ಮುಚ್ಚಳವಿರುತ್ತದೆ. ಮುಚ್ಚಳ ಹಾಕಿ ಒಮ್ಮೆ, ತೆಗೆದು ಒಮ್ಮೆ ಅದೇ ಜಾಗದಲ್ಲಿ ಅಳೆದರೆ, ವ್ಯತ್ಯಾಸ ಬಂದಷ್ಟೂ ಬೀಟಾ. ವ್ಯತ್ಯಾಸ ಹೆಚ್ಚಿದ್ದರೆ ಅಲ್ಲಿ ಮೇಲ್ಮೈಯಲ್ಲೇ ಧೂಳಿದೆ ಎಂದು ತಿಳಿಯಬೇಕು. ಮೀಟರನ್ನು ತೆಳು ಪಾಲಿಥೀನ್ ಚೀಲದೊಳಗೆ ಹಾಕಿಯೇ ಬಳಸಬೇಕು, ಇಲ್ಲದಿದ್ದರೆ ಮೀಟರಿಗೇ ಧೂಳು ಹತ್ತಿ ಮುಂದಿನ ಅಳತೆಯೆಲ್ಲ ಸುಳ್ಳಾಗುತ್ತದೆ. ಮೊಬೈಲನ್ನು ಅದಕ್ಕೆ ತಾಗಿಸಿ ಇಟ್ಟರೂ ಕೆಲವು ಅಗ್ಗದ ಮೀಟರುಗಳು ಹುಚ್ಚು ಎಣಿಕೆ ತೋರಿಸುತ್ತವೆ. ಹಳೆಯ ಸೋವಿಯತ್ ಮೀಟರುಗಳಲ್ಲಿ ಅಂಕಿ ಮೈಕ್ರೋರಾಂಟ್ಜನ್‌ನಲ್ಲಿ ಇರುತ್ತದೆ: 100 ಮೈಕ್ರೋರಾಂಟ್ಜನ್ ಎಂದರೆ ಸುಮಾರು 1 ಮೈಕ್ರೋಸೀವರ್ಟ್. ಮೈಕ್ರೋಗೂ ಮಿಲಿಗೂ ಸಾವಿರ ಪಟ್ಟು ಅಂತರ. ತಮ್ಮ ಲೇಖನದ ಒಂದು ಚಿತ್ರದಡಿ ಇವೆರಡೂ ಅದಲುಬದಲಾಗಿವೆ, ಗಮನಿಸಿ.

ಮೀಟರ್ ಸುಳ್ಳು ಹೇಳುವ ಇನ್ನೊಂದು ಬಗೆ ಇದಕ್ಕಿಂತ ಅಪಾಯಕಾರಿ. ಕೊಳವೆ ಪ್ರತಿ ಎಣಿಕೆಯ ನಂತರ ಕ್ಷಣಕಾಲ ಕುರುಡಾಗಿರುತ್ತದೆ. ವಿಕಿರಣ ವಿಪರೀತವಾದರೆ ಆ ಕುರುಡು ಮುಗಿಯುವುದೇ ಇಲ್ಲ. ಸಾಧಾರಣ ಮೀಟರ್ ಕಡಿಮೆ ಅಂಕಿ ತೋರಿಸುತ್ತದೆ, ಕೆಲವು ಸೊನ್ನೆಗೇ ಇಳಿಯುತ್ತವೆ. ಗಡಗಡ ಎಂದು ಬಡಿದುಕೊಳ್ಳುತ್ತಿದ್ದ ಮೀಟರ್ ಒಂದು ಹೆಜ್ಜೆ ಮುಂದೆ ಹೋದಾಗ ಒಮ್ಮೆಲೆ ಮೌನವಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಬೇಕು. ಮೀಟರಿನ ಮಿತಿಯನ್ನೇ ಸತ್ಯವೆಂದು ನಂಬಿದ್ದರಿಂದ ಏನಾಯಿತು ಎಂಬುದಕ್ಕೆ ಚೆರ್ನೋಬಿಲ್ ಸ್ಥಾವರವೇ ಸಾಕ್ಷಿ. ಆ ರಾತ್ರಿ ಅಲ್ಲಿ ಕೈಗೆ ಸಿಕ್ಕ ಮೀಟರುಗಳ ಮುಳ್ಳು ಗಂಟೆಗೆ 3.6 ರಾಂಟ್ಜನ್‌ಗೆ ಬಂದು ನಿಂತಿತು. ಅದಕ್ಕಿಂತ ಮುಂದೆ ಹೋಗಲು ಮುಳ್ಳಿಗೆ ಜಾಗವಿರಲಿಲ್ಲ, ಅಷ್ಟೇ. ಮೇಲಿನವರಿಗೆ ಹೋದ ವರದಿಯಲ್ಲಿ ಅದೇ ಅಂಕಿ ನಿಜವಾದ ಅಳತೆಯಾಗಿ ಕೂತಿತು.

ಇನ್ನು ಧೂಳು ಎಲ್ಲಿ ಕೂತಿರುತ್ತದೆ ಎಂಬುದು. ದುರಂತದ ನಂತರ ಡಾಂಬರು ರಸ್ತೆಗಳನ್ನು ನೀರು ಹೊಡೆದು ತೊಳೆದರು, ಹಲವು ಕಡೆ ಮೇಲ್ಮಣ್ಣು ಕೆರೆದು ಹೂತರು. ತೊಳೆದ ನೀರು ಎಲ್ಲಿಗೆ ಹರಿಯಿತೋ, ಚಾವಣಿಯ ಮಳೆನೀರು ಎಲ್ಲಿ ಬಿತ್ತೋ ಅಲ್ಲಿ ಸೀಸಿಯಂ ಗುಡ್ಡೆ ಬಿತ್ತು: ಪೈಪಿನ ಬಾಯಿಯ ಕೆಳಗೆ, ಚರಂಡಿಯ ಅಂಚಿನಲ್ಲಿ, ಡಾಂಬರಿನ ಬಿರುಕಿನಲ್ಲಿ. ಪಾಚಿಗೆ ಬೇರಿಲ್ಲ, ಮಳೆ ಮತ್ತು ಗಾಳಿಯ ಧೂಳಿನಿಂದಲೇ ತನಗೆ ಬೇಕಾದ್ದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅಳತೆ ಏರುವುದು ಅದರ ಮೇಲೇ. ಜೇಡಿ ಇರುವ ಮಣ್ಣಿನಲ್ಲಿ ಸೀಸಿಯಂ ಕಚ್ಚಿಕೊಂಡು ಮೇಲಿನ ಗೇಣುದ್ದದಲ್ಲೇ ನಿಲ್ಲುತ್ತದೆ. ಆ ಸೀಮೆಯ ಜೌಗು ಮಣ್ಣಿನಲ್ಲಿ ಸಡಿಲವಾಗಿದ್ದು ಅಣಬೆಗೂ ಕಾಡು ಹಣ್ಣಿಗೂ ಏರುತ್ತದೆ. ಕಾಡಿನ ಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವ ವಿಡಿಯೊಗಳನ್ನು ನೋಡಿ ಯಾರೂ ಅನುಕರಿಸಬಾರದು. ಸ್ಥಾವರದ ಪಕ್ಕದ ಕೆಂಪು ಕಾಡು ಎಂಬಲ್ಲಿ ಆ ವರ್ಷ ಪೈನ್ ಮರಗಳು ಸತ್ತು ತುಕ್ಕು ಬಣ್ಣಕ್ಕೆ ತಿರುಗಿದವು. ಅವನ್ನು ಉರುಳಿಸಿ ಅಲ್ಲೇ ಹೂತಿದ್ದಾರೆ. ಅಲ್ಲಿ ನೆಲ ಕೆದಕುವುದೆಂದರೆ ಹೂತದ್ದನ್ನು ಹೊರತೆಗೆಯುವುದು.

ಹಾಗಾದರೆ ನಡೆಯುವುದು ಡಾಂಬರಿನ ನಡುಮಧ್ಯೆ. ಹುಲ್ಲು, ಪಾಚಿ ಬೆಳೆದ ಬಿರುಕನ್ನು ದಾಟಿ ಹೆಜ್ಜೆ ಇಡಬೇಕು. ತುಂಬು ತೋಳಿನ ಒತ್ತು ನೇಯ್ಗೆಯ ಬಟ್ಟೆ, ತಲೆಗೆ ಟೋಪಿ ಬೇಕು. ಬೂಟು ತೊಳೆಯಲು ಬರುವಂಥದ್ದಾಗಿರಬೇಕು, ಅಡಿ ಆದಷ್ಟು ನುಣ್ಣಗಿರಬೇಕು. ಆಳವಾದ ಗೀರುಗಳ ಚಾರಣದ ಬೂಟು ಮಣ್ಣನ್ನು ಗುಳಿಗುಳಿಯಲ್ಲೂ ಹಿಡಿದು ತರುತ್ತದೆ, ಕ್ಯಾನ್ವಾಸ್ ಬೂಟಂತೂ ಬೇಡವೇ ಬೇಡ. ಚೀಲ, ಕ್ಯಾಮೆರಾ ಸ್ಟ್ಯಾಂಡ್ ನೆಲಕ್ಕೆ ತಾಗಬಾರದು. ಕೂರಬಾರದು, ಮಂಡಿಯೂರಿ ಫೋಟೊ ತೆಗೆಯಬಾರದು. ಬಯಲಿನಲ್ಲಿ ತಿನ್ನುವುದು, ಬೀಡಿ ಸಿಗರೇಟು ಸೇದುವುದು ನಿಷಿದ್ಧ. ನಿಂತಲ್ಲೇ ಮಂಡಕ್ಕಿ ಮೆಣಸಿನಕಾಯಿ ತಿನ್ನುವ ರೂಢಿ ನಮ್ಮದು. ಈ ಒಂದು ನಿಯಮವನ್ನು ಮುರಿಯುವವರೇ ಹೆಚ್ಚು. ಧೂಳೆದ್ದ ಒಳಾಂಗಣದಲ್ಲಿ ಎನ್-95 ಅಥವಾ ಎಫ್‌ಎಫ್‌ಪಿ-3 ಮಾಸ್ಕ್ ಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳಿ ಮಾಸ್ಕ್ ಇದ್ದೂ ಇಲ್ಲದಂತೆ. ಎರಡೂ ಅಂಗೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಮೂಗಿನ ಬದಿಯಲ್ಲಿ ಗಾಳಿ ಸೋರಿದರೆ ತಂತಿ ಒತ್ತಿ ಸರಿಪಡಿಸಬೇಕು. ಈ ಮಾಸ್ಕ್ ಗಾಮಾವನ್ನು ತಡೆಯುವುದಿಲ್ಲ, ಪುಡಿಯನ್ನಷ್ಟೇ ತಡೆಯುತ್ತದೆ, ಬೇಕಾಗಿರುವುದೂ ಅದೇ.

ಕಟ್ಟಡದೊಳಗೆ ಹೋಗುವುದನ್ನು ಪ್ರವಾಸ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲೇ ಅಲ್ಲಿನ ಆಡಳಿತ ನಿಷೇಧಿಸಿತ್ತು. ಕಾರಣ ವಿಕಿರಣಕ್ಕಿಂತ ಹೆಚ್ಚಾಗಿ ಕಾಂಕ್ರೀಟು. ಪ್ರಿಪ್ಯಾತ್ 1970ರಲ್ಲಿ ಕಟ್ಟಲು ತೊಡಗಿದ ಊರು, ಸುಮಾರು 49,000 ಜನ, ಬಹುತೇಕ ಕಾಂಕ್ರೀಟ್ ಹಲಗೆ ಜೋಡಣೆಯ ಮಹಡಿ ಮನೆಗಳು. ಏಪ್ರಿಲ್ 27ರ ಮಧ್ಯಾಹ್ನ ಸಾವಿರಕ್ಕೂ ಹೆಚ್ಚು ಬಸ್ಸುಗಳಲ್ಲಿ ಜನ ಹೊರಟ ಮೇಲೆ ಚಾವಣಿಯ ತೂಬು ಸ್ವಚ್ಛ ಮಾಡಿದವರಿಲ್ಲ. ಎಲೆ ಕಟ್ಟಿ ನೀರು ನಿಲ್ಲುತ್ತದೆ, ಹಲಗೆಯ ಸಂದಿಗೆ ಇಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಹಲಗೆಗಳನ್ನು ಹಿಡಿದಿರುವ ಬೆಸುಗೆಯ ಉಕ್ಕು ಒಳಗೇ ತುಕ್ಕು ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. 2005ರಲ್ಲಿ ಅಲ್ಲಿನ ಒಂದನೇ ನಂಬರಿನ ಶಾಲೆಯ ಒಂದು ಭಾಗ ಕುಸಿದದ್ದು ಹೀಗೆಯೇ. ಗುಜರಿಯ ಆಸೆಗೆ ಲೋಹವನ್ನೆಲ್ಲ ಬಿಚ್ಚಿಕೊಂಡು ಹೋಗಿರುವುದರಿಂದ ಮೆಟ್ಟಿಲಿನ ಕಟಕಟೆಯಾಗಲಿ ಮ್ಯಾನ್‌ಹೋಲಿನ ಮುಚ್ಚಳವಾಗಲಿ ಇದ್ದೇ ಇರುತ್ತದೆಂದು ನಂಬುವಂತಿಲ್ಲ; ಹುಲ್ಲು ಮುಚ್ಚಿದ ಮೇಲೆ ಗುಂಡಿ ಕಾಣುವುದೂ ಇಲ್ಲ. 126ನೇ ನಂಬರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ರಾತ್ರಿಯ ಅಗ್ನಿಶಾಮಕರ ಬಟ್ಟೆಬೂಟುಗಳನ್ನು ಎಸೆಯಲಾಗಿತ್ತು. ನಗರದ ಅತಿ ಕೆಟ್ಟ ಜಾಗಗಳಲ್ಲಿ ಅದೊಂದು. ಅದನ್ನೇ ಸಾಹಸದ ಗುರಿಯಾಗಿ ತೋರಿಸುವುದು ನಮಗೆ ಅತ್ಯಂತ ನೋವಿನ ಸಂಗತಿ. ಆ ಬಟ್ಟೆ ತೊಟ್ಟವರಲ್ಲಿ ಹಲವರು ವಾರಗಳಲ್ಲೇ ಸತ್ತರು.

ಹೊರಬರುವಾಗಿನ ಕ್ರಮ ಒಳಹೋಗುವಾಗಿನ ಕ್ರಮಕ್ಕಿಂತ ಮುಖ್ಯ, ಲೇಖನದಲ್ಲಿ ಅದರ ಸುಳಿವೇ ಇಲ್ಲ. ಒಳವಲಯದಿಂದ ಬರುವಾಗ ಲೇಲಿವ್‌ನಲ್ಲಿ, 30 ಕಿಲೋಮೀಟರಿನ ಗಡಿಯಲ್ಲಿ ದಿತ್ಯಾತ್ಕಿಯಲ್ಲಿ ಆಳೆತ್ತರದ ಚೌಕಟ್ಟುಗಳಿವೆ. ಒಳಗೆ ನಿಂತು ಎರಡೂ ಅಂಗೈಯನ್ನು ಬದಿಗಳಿಗೆ ಒತ್ತಿ ಹಿಡಿದರೆ ಅಂಗೈ ಮತ್ತು ಪಾದದ ಮಾಲಿನ್ಯ ಎಣಿಸಿ ದೀಪ ಬೆಳಗುತ್ತದೆ. ಬೂಟಿನ ಅಡಿ ಸಿಕ್ಕಿಬಿದ್ದರೆ ಒದ್ದೆ ಬ್ರಷ್ಷಿನಿಂದ ಉಜ್ಜಿ ಮತ್ತೆ ನಿಲ್ಲಬೇಕು. ಆಗಲೂ ಹೋಗದಿದ್ದರೆ ಬೂಟು ಅಲ್ಲೇ ಬಿಡಬೇಕು, ದುಬಾರಿ ಎಂದು ವಾದ ಮಾಡಬಾರದು. ಸ್ವಂತ ಮೀಟರಿನಿಂದ ನೋಡುವವರು ಅಡಿಯಿಂದ 1 ಸೆಂಟಿಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿಗಿಂತ ಬೇಗ ಸರಿಸಬಾರದು. ಉಳಿದುಕೊಂಡ ಜಾಗಕ್ಕೆ ಬಂದ ಮೇಲೆ ಬೂಟು ಹೊಸ್ತಿಲಾಚೆ. ಬಟ್ಟೆಯನ್ನು ಕೊಡವದೆ ಒಳಮೈ ಹೊರಗಾಗುವಂತೆ ಸುತ್ತಿ ಚೀಲಕ್ಕೆ ಹಾಕಬೇಕು, ಆಮೇಲೆ ಕೈಗವಸು, ಮಾಸ್ಕ್ ಕಟ್ಟಕಡೆಗೆ. ಮೇಲ್ಬಟ್ಟೆ ಕಳಚಿದರೇನೇ ಮಾಲಿನ್ಯದ ಬಹುಪಾಲು ಹೋಗುತ್ತದೆ. ನಂತರ ಉಗುರುಬೆಚ್ಚನೆಯ ನೀರು, ಸೋಪು. ಚರ್ಮ ಕೆಂಪಾಗುವಂತೆ ಉಜ್ಜಿದರೆ ಗೀರಿನ ಮೂಲಕ ಒಳಗೇ ಹೋಗುತ್ತದೆ. ತಲೆಗೆ ಶಾಂಪೂ ಸರಿ, ಕಂಡೀಷನರ್ ಬೇಡ: ಅದು ಕಣವನ್ನು ಕೂದಲಿಗೆ ಅಂಟಿಸುತ್ತದೆ. ನೆನಪಿಗೆಂದು ಗಾಜಿನ ಚೂರು, ಗೊಂಬೆ, ಅನಿಲ ಮುಖವಾಡ ಯಾವುದನ್ನೂ ತರಬಾರದು.

ಇಷ್ಟೆಲ್ಲ ಹೇಳಿದರೂ ಈಗ ಅಲ್ಲಿಗೆ ಹೋಗುವಂತಿಲ್ಲ, ಇದೂ ಲೇಖನದಲ್ಲಿ ಇರಬೇಕಿತ್ತು. 2022ರ ಫೆಬ್ರುವರಿ 24ರಂದು ರಷ್ಯಾ ಸೇನೆ ವಲಯವನ್ನು ಹಿಡಿದು ಮಾರ್ಚ್ ಕೊನೆಯವರೆಗೆ ಅಲ್ಲಿತ್ತು. ಅಂದಿನಿಂದ ಸಾಮಾನ್ಯ ಪ್ರವಾಸ ನಿಂತಿದೆ, ಕಾಡಿನಲ್ಲಿ ನೆಲಬಾಂಬುಗಳಿವೆ. 2025ರ ಫೆಬ್ರುವರಿ 14ರಂದು ನಾಲ್ಕನೇ ರಿಯಾಕ್ಟರಿನ ಮೇಲಿನ ಹೊಸ ಹೊದಿಕೆಗೇ ಡ್ರೋನ್ ಬಡಿದು ತೂತಾಯಿತು. ಅನುಮತಿಯಿಲ್ಲದೆ ಕಾಡಿನ ದಾರಿಯಲ್ಲಿ ನುಸುಳುವವರ ಹಳೆಯ ವಿಡಿಯೊಗಳು ಇಂದಿಗೆ ದಾರಿ ತೋರಿಸುವುದಿಲ್ಲ. ಇಂಥ ಜಾಗವನ್ನು ಕಾನೂನಿನ ಪ್ರಕಾರ ನೋಡಬೇಕೆಂದರೆ ಜಪಾನಿನ ಫುಕುಶಿಮಾ ಕರಾವಳಿ ಇದೆ. 2011ರ ಮಾರ್ಚ್ 11ರ ಸುನಾಮಿಗೆ ಸಿಕ್ಕ ನಮಿಯೆಯ ಉಕೆದೊ ಪ್ರಾಥಮಿಕ ಶಾಲೆಯನ್ನು 2021ರಿಂದ ಸಾರ್ವಜನಿಕರಿಗೆ ತೆರೆದಿದ್ದಾರೆ, ಫುತಾಬಾದಲ್ಲಿ 2020ರಲ್ಲಿ ತೆರೆದ ಸ್ಮಾರಕ ಸಂಗ್ರಹಾಲಯವಿದೆ. ಬೇಲಿ ಹಾಕಿದ ‘ಮರಳಲು ಕಷ್ಟವಾದ’ ಪ್ರದೇಶದೊಳಗೆ ಮಾತ್ರ ಕಾಲಿಡುವಂತಿಲ್ಲ. ಅಲ್ಲಿನ 6ನೇ ಹೆದ್ದಾರಿಯನ್ನು 2014ರಲ್ಲಿ ಕಾರುಗಳಿಗೆ ತೆರೆದಾಗಲೂ ಬೈಕು ಸವಾರರನ್ನೂ ಪಾದಚಾರಿಗಳನ್ನೂ ಬಿಟ್ಟಿರಲಿಲ್ಲ.

ಇದೆಲ್ಲ ಚಿತ್ರದುರ್ಗದ ಓದುಗರಿಗೆ ಏಕೆ ಎಂದು ಕೇಳಬಹುದು. ಪ್ರಿಪ್ಯಾತ್‌ಗೆ ಹೋಗಲಾಗದ ಹುಡುಗರು ಅದೇ ವಿಡಿಯೊದ ಹುರುಪಿನಲ್ಲಿ ಇಲ್ಲಿನ ಪಾಳು ಜಾಗಗಳಿಗೆ ನುಗ್ಗುತ್ತಾರೆ: ದಾವಣಗೆರೆಯ ಮುಚ್ಚಿದ ಹತ್ತಿ ಗಿರಣಿಗಳು, ಇಂಗಳದಾಳಿನ ಹಳೆಯ ತಾಮ್ರದ ಗಣಿ. ಇಂಗಳದಾಳು ವಿಕಿರಣದ ಜಾಗವಲ್ಲ, ಆ ಗಾಬರಿ ಬೇಡ. ಆದರೆ ಗಂಧಕ ಬೆರೆತ ಅದಿರು ತೇವದಲ್ಲಿ ಆಮ್ಲಜನಕವನ್ನು ತಿನ್ನುತ್ತದೆ. ಗಾಳಿಯಲ್ಲಿ ನೂರಕ್ಕೆ 20.9 ಇರುವ ಆಮ್ಲಜನಕ 19.5ಕ್ಕಿಂತ ಇಳಿದ ಸುರಂಗಕ್ಕೆ ಹೋಗಬಾರದು. 10ಕ್ಕಿಂತ ಕೆಳಗಾದರೆ ಉಬ್ಬಸವೂ ಬಾರದೆ ನೇರ ಪ್ರಜ್ಞೆ ತಪ್ಪುತ್ತದೆ. ಹಳೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಡುವ ಪದ್ಧತಿ ನಮ್ಮ ರೈತರಿಗೆ ಗೊತ್ತು. ದೀಪ ಆರಿದರೆ ಇಳಿಯಬಾರದು. ಉರಿದರೆ ಇಳಿಯಬಹುದು ಎಂದು ಅರ್ಥವಲ್ಲ, ವಿಷಾನಿಲ ಬೇರೆಯೇ ಇದೆ. ಗೈಗರ್ ಮೀಟರ್ ಅಲ್ಲೂ ಸುಮ್ಮನೇ ಇರುತ್ತದೆ.

ಪಾಳು ಕಟ್ಟಡ ಮತ್ತು ವಿಕಿರಣ ನಿಜವಾಗಿ ಒಂದಾದ ಘಟನೆ ಚೆರ್ನೋಬಿಲ್‌ನ ಮರುವರ್ಷವೇ ನಡೆಯಿತು. 1987ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಬಿಟ್ಟುಹೋದ ಕ್ಯಾನ್ಸರ್ ಚಿಕಿತ್ಸಾಲಯಕ್ಕೆ ನುಗ್ಗಿದ ಇಬ್ಬರು ಯಂತ್ರದ ತಲೆಯನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತೆಂದು ಮನೆಮಂದಿಗೆಲ್ಲ ಹಂಚಿದರು. ಆ ಕೈಯಲ್ಲೇ ಊಟ ಮಾಡಿದ ಆರು ವರ್ಷದ ಮಗು ಸೇರಿ ನಾಲ್ವರು ಸತ್ತರು, 249 ಮಂದಿಗೆ ಮಾಲಿನ್ಯ ತಗುಲಿತು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹರಾಜಿನಲ್ಲಿ ಬಂದ ಪ್ರಯೋಗಾಲಯದ ಯಂತ್ರದಲ್ಲಿ ಕೋಬಾಲ್ಟ್-60 ಇತ್ತು. ಅಲ್ಲಿ ಒಬ್ಬರು ತೀರಿಕೊಂಡರು. ಆದ್ದರಿಂದ ಪಾಳು ಆಸ್ಪತ್ರೆ, ಕಾರ್ಖಾನೆ, ಗುಜರಿ ರಾಶಿಯಲ್ಲಿ ಗಾತ್ರಕ್ಕೆ ಮೀರಿದ ತೂಕದ ಸೀಸದ ಡಬ್ಬಿ, ಹಳದಿ ಮೇಲೆ ಮೂರು ದಳದ ಗುರುತು, ಅಥವಾ 2007ರಿಂದ ಬಳಕೆಗೆ ಬಂದ ಕೆಂಪು ತ್ರಿಕೋನದಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯನ ಚಿತ್ರ ಕಂಡರೆ ಮುಟ್ಟದೆ, ಒದೆಯದೆ, ಫೋಟೊಗೆ ಬಗ್ಗದೆ ದೂರ ಸರಿದು 112ಕ್ಕೆ ಕರೆ ಮಾಡಬೇಕು. ಮುಟ್ಟಿದ್ದರೆ ಬಾಯಿ ಕಣ್ಣು ಮುಟ್ಟಿಕೊಳ್ಳದೆ ಕೈ ತೊಳೆದು, ಮುಟ್ಟಿದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ವಾಂತಿ, ಕೈಯ ಚರ್ಮ ಕೆಂಪಾಗಿ ಬೊಬ್ಬೆ ಏಳುವುದನ್ನು ಆಹಾರ ದೋಷ, ಅಲರ್ಜಿ ಎಂದು ಗೊಯಾನಿಯಾದಲ್ಲಿ ಮೊದಲು ಚಿಕಿತ್ಸೆ ಕೊಟ್ಟಿದ್ದರಿಂದಲೇ ಎರಡು ವಾರ ಕಳೆದುಹೋಯಿತು.

ತಾವು ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕುವುದಾದರೆ ಮೂರು ಸಾಲು ಸಾಕು: ಆ ಚಿತ್ರದಡಿ ಇರಬೇಕಾದ್ದು ಮೈಕ್ರೋಸೀವರ್ಟ್, ಮಿಲಿ ಅಲ್ಲ, ವಲಯ 2022ರಿಂದ ಪ್ರವಾಸಿಗರಿಗೆ ಮುಚ್ಚಿದೆ, ಗೈಗರ್ ಮೀಟರ್ ಉಸಿರಿಗೆ ಹೋಗುವ ಧೂಳನ್ನು ಅಳೆಯುವುದಿಲ್ಲ. ಲೇಖನ ಬಂದ ಪುಟದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ ಎಂಬುದು ನಮ್ಮ ಕೋರಿಕೆ.

ಇಂತಿ,
ಚಿತ್ರದುರ್ಗದ ಕೆಲವು ಓದುಗರು